‘ಇಗ್ರೀಜಸ್’ ಪದವನ್ನು ನೀವು ಹೇಗೆ ಕಲಿತಿರಿ? ಅನುಭವ ತಿಳಿಸಿ

ಪ್ರಶ್ನೆ, ಯಾದಗಿರಿಯಿಂದ: ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದೇನೆ. ‘ಇಗ್ರೀಜಸ್’ ಎಂಬ ಇಂಗ್ಲಿಷ್ ವಿಶೇಷಣಕ್ಕೆ ಒಂದು ನಿಘಂಟು ‘ಎದ್ದು ಕಾಣುವಷ್ಟು ಕೆಟ್ಟ’ ಎನ್ನುತ್ತದೆ, ಹಳೆಯದೊಂದು ‘ಶ್ರೇಷ್ಠ’ ಎಂದೂ ಕೊಡುತ್ತದೆ. ಇಂಥ ಪದಗಳನ್ನು ಬಾಯಿಪಾಠ ಮಾಡಬೇಕೇ, ಮೂಲ ಹಿಡಿದು ಕಲಿಯಬೇಕೇ?

ಕಲಬುರಗಿಯಿಂದ: ಎರಡು ವರ್ಷ ತಿಂಗಳಿಗೆ 2,200 ರೂಪಾಯಿಯ ಬಾಡಿಗೆ ಕೋಣೆಯಲ್ಲಿದ್ದು, ಕೋಚಿಂಗ್‌ಗೆ 18,000 ರೂಪಾಯಿ ಕಟ್ಟಿ, ದಿನಕ್ಕೆ 30 ಪದಗಳಂತೆ ಬಾಯಿಪಾಠ ಮಾಡಿದವನು ನಾನು. 200 ಪುಟಗಳ ನಾಲ್ಕು ನೋಟ್‌ಬುಕ್‌ಗಳು ತುಂಬಿದ್ದವು. ಪರೀಕ್ಷೆಯಲ್ಲಿ ಇದೇ ಪದ ಬಂದಾಗ ‘ಗ್ರಿಗೇರಿಯಸ್’ ಎಂದು ಭ್ರಮಿಸಿ ‘ಜನರೊಡನೆ ಬೆರೆಯುವ’ ಎಂಬುದಕ್ಕೆ ಗುರುತು ಹಾಕಿದೆ. ಸಿಗಬೇಕಾದ 1 ಅಂಕದ ಜೊತೆಗೆ ತಪ್ಪುತ್ತರಕ್ಕೆ ಕಾಲು ಅಂಕವೂ ಹೋಯಿತು. ಆಯ್ಕೆ ತಪ್ಪಿದ್ದು 0.75 ಅಂಕದಿಂದ.

ಶಹಾಪುರದಿಂದ: ನಮ್ಮದು ಕುರಿ ಸಾಕುವ ಮನೆತನ. ಲ್ಯಾಟಿನ್ ಭಾಷೆಯಲ್ಲಿ ‘ಗ್ರೆಕ್ಸ್’ ಎಂದರೆ ಹಿಂಡು, ‘ಎ’ ಎಂದರೆ ಹೊರಗೆ. ಹಿಂಡಿನಿಂದ ಬೇರೆಯಾಗಿ ಎದ್ದು ಕಾಣುವುದೇ ‘ಎಗ್ರೇಗಿಯುಸ್’. 120 ಕುರಿಗಳ ನಡುವೆ ಒಂದು ಕಿವಿ ಹರಿದ ಕರಿಮುಖದ ಟಗರನ್ನು ನಮ್ಮಪ್ಪ ಹೊಲದ ಆಚೆ ಬದುವಿನಿಂದಲೇ ಗುರುತಿಸುತ್ತಿದ್ದರು. ಆ ಟಗರಿನಿಂದಲೇ ನನಗೆ ಪದ ನಿಂತಿತು. ‘ಸೆಗ್ರಿಗೇಟ್’, ‘ಕಾಂಗ್ರಿಗೇಶನ್’, ‘ಅಗ್ರಿಗೇಟ್’ ಎಲ್ಲವೂ ಅದೇ ಹಿಂಡಿನವು. ನೋಟ್‌ಬುಕ್ ತುಂಬಿಸುವುದು ಕಲಿಕೆಯಲ್ಲ.

ಬೀದರ್‌ನಿಂದ: ಟಗರು ಸರಿ, ಆದರೆ ಹೊಗಳಿಕೆ ಬೈಗುಳವಾದದ್ದು ಅದರಿಂದ ತಿಳಿಯುವುದಿಲ್ಲ. 16ನೆಯ ಶತಮಾನದಲ್ಲಿ ಈ ಪದ ಇಂಗ್ಲಿಷಿಗೆ ಬಂದಾಗ ಶ್ರೇಷ್ಠ ಎಂದೇ ಅರ್ಥ. ಆ ಶತಮಾನ ಮುಗಿಯುವುದರೊಳಗೆ ಕೆಟ್ಟ ಅರ್ಥವೂ ಸೇರಿತು, ಬಹುಶಃ ವ್ಯಂಗ್ಯದಿಂದ. ಕೆಲಸ ಕೆಡಿಸಿದವನನ್ನು ನಾವು ‘ಮಹಾನುಭಾವ’ ಎನ್ನುವುದಿಲ್ಲವೇ? ಇಟಲಿಯವರು ಮಾತ್ರ ಪತ್ರದ ಆರಂಭದಲ್ಲಿ ‘ಎಗ್ರೆಜೊ’ ಎಂದು ಇಂದಿಗೂ ಗೌರವದಿಂದಲೇ ಬರೆಯುತ್ತಾರೆ. ಇದು ತಿಳಿಯುವ ಮೊದಲು, ಹಳೆಯ ನಿಘಂಟನ್ನು ನಂಬಿ, ನಿವೃತ್ತರಾಗುತ್ತಿದ್ದ ಮೇಲಧಿಕಾರಿಯ ಅಭಿನಂದನಾ ಪತ್ರದಲ್ಲಿ ಅವರ ಸೇವೆಯನ್ನು ‘ಇಗ್ರೀಜಸ್’ ಎಂದು ಅಚ್ಚು ಹಾಕಿಸಿದೆ. ಮರುಮುದ್ರಣ, ಹೊಸ ಚೌಕಟ್ಟು ಸೇರಿ 640 ರೂಪಾಯಿ ನನ್ನ ಕೈಯಿಂದಲೇ ಹೋಯಿತು. ಅವರು ಇಂದಿಗೂ ನನ್ನೊಡನೆ ಮಾತನಾಡುವುದಿಲ್ಲ.

ಕಲಬುರಗಿಯಿಂದ: ಶಹಾಪುರದವರೇ, ಮನೆಯಲ್ಲಿ ಕುರಿಗಳಿಲ್ಲದವರು ಏನು ಮಾಡಬೇಕು? ಮೂಲದಲ್ಲಿ ‘ಗ’ ಇದ್ದರೆ ಉಚ್ಚಾರಣೆಯಲ್ಲಿ ‘ಜ’ ಎಲ್ಲಿಂದ ಬಂತು, ಅದನ್ನೂ ನಿಮ್ಮ ಟಗರು ಹೇಳುತ್ತದೆಯೇ?

ಶಹಾಪುರದಿಂದ: ಮುಂದೆ ‘ಇ’ ಸ್ವರ ಬಂದುದರಿಂದ ‘ಜ’ ಆಯಿತು, ‘ಗ್ರಿಗೇರಿಯಸ್’ನಲ್ಲಿ ಹಾಗಿಲ್ಲದ ಕಾರಣ ‘ಗ’ ಉಳಿಯಿತು. 18,000 ರೂಪಾಯಿಗೆ ಇಷ್ಟನ್ನೂ ಕಲಿಸಲಿಲ್ಲವೇ?

ಕಲಬುರಗಿಯಿಂದ: ಹಾಗಾದರೆ ‘ಗಿಫ್ಟ್’ ಏಕೆ ‘ಜಿಫ್ಟ್’ ಆಗಲಿಲ್ಲ?

ಬೀದರ್‌ನಿಂದ: ಅದು ಲ್ಯಾಟಿನ್ ಮೂಲದ ಪದವಲ್ಲ, ಮಹಾನುಭಾವರೇ.