ಮೇಲ್ಮನವಿ, ಪುನರೀಕ್ಷಣೆ, ಪುನರ್ವಿಲೋಕನ: ಯಾವ ಆದೇಶಕ್ಕೆ ಯಾವ ಪದ, ಯಾವ ಬಾಗಿಲು?

ಪದಪಟ್ಟಿ ಕೇಳಿದ್ದು:

ಕಂದಾಯ ಆದೇಶ ಮತ್ತು ಕೋರ್ಟ್ ಕಾಗದಗಳನ್ನು ಓದುವವರಿಗಾಗಿ ಒಂದು ಸಣ್ಣ ಕನ್ನಡ ಪದಪಟ್ಟಿ ತಯಾರಾಗುತ್ತಿದೆ. ಮೂರು ಕಡೆ ಸಿಕ್ಕಿಹಾಕಿಕೊಂಡಿದೆ.

ಒಂದು, ಮೇಲ್ಮನವಿ, ಪುನರೀಕ್ಷಣೆ, ಪುನರ್ವಿಲೋಕನ, ಮರುಪರಿಶೀಲನೆ ಎಂಬ ನಾಲ್ಕು ಪದಗಳನ್ನು ಪತ್ರಿಕೆಗಳು ಒಂದರ ಬದಲು ಇನ್ನೊಂದು ಎಂಬಂತೆ ಬಳಸುತ್ತವೆ. ಇವುಗಳಲ್ಲಿ ನಿಜಕ್ಕೂ ವ್ಯತ್ಯಾಸವಿದೆಯೇ? ಎರಡು, ನ್ಯಾಯಾಧಿಕರಣ, ನ್ಯಾಯಮಂಡಳಿ, ಪ್ರಾಧಿಕಾರ, ಆಯೋಗ ಇವುಗಳಲ್ಲಿ ಮೇಲ್ಮನವಿ ಕೇಳುವುದು ಯಾವುದು? ಮೂರು, ತಹಸೀಲ್ದಾರರು ಖಾತೆ ಬದಲಾವಣೆಯ ತಕರಾರಿನಲ್ಲಿ ಆದೇಶ ಮಾಡಿದರೆ ಮುಂದಿನ ಮೆಟ್ಟಿಲು ಎಸಿ (ಉಪವಿಭಾಗಾಧಿಕಾರಿ) ಕೋರ್ಟೋ, ಡಿಸಿ (ಜಿಲ್ಲಾಧಿಕಾರಿ) ಕೋರ್ಟೋ, ಕೆಎಟಿಯೋ (ಕರ್ನಾಟಕ ಮೇಲ್ಮನವಿ ನ್ಯಾಯಾಧಿಕರಣ)? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

---

ಕಟಕಟೆ ಉತ್ತರ:

ಮೊದಲ ಪ್ರಶ್ನೆಗೆ: ವ್ಯತ್ಯಾಸ ಇದೆ, ಅದೂ ಕೇಸಿನ ಗತಿಯನ್ನೇ ಬದಲಿಸುವಷ್ಟು.

ಮೇಲ್ಮನವಿ ಎಂದರೆ ಕಾನೂನು ಕೊಟ್ಟ ಹಕ್ಕು. ಕಾಯ್ದೆಯಲ್ಲಿ ಬರೆದಿದ್ದರೆ ಮಾತ್ರ ಉಂಟು, ಬರೆದಿಲ್ಲದಿದ್ದರೆ ಇಲ್ಲ. ಅಪೀಲು ಅಂದರೂ ಅದೇ. ಸಿವಿಲ್ ಪ್ರಕ್ರಿಯಾ ಸಂಹಿತೆಯ ಕಲಂ 96ರ ಮೊದಲ ಮೇಲ್ಮನವಿಯಲ್ಲಿ ಸಾಕ್ಷ್ಯ, ಸಂಗತಿ, ಕಾನೂನು ಮೂರನ್ನೂ ಹೊಸದಾಗಿ ತೂಗಬಹುದು. ಕಲಂ 100ರ ಎರಡನೇ ಮೇಲ್ಮನವಿ ಹೈಕೋರ್ಟಿಗೆ ಮಾತ್ರ. ಅಲ್ಲಿ ‘ಕಾನೂನಿನ ಮಹತ್ವದ ಪ್ರಶ್ನೆ’ ಇದ್ದರಷ್ಟೇ ಅಂಗೀಕಾರ. ಸಾಕ್ಷಿ ಹೇಳಿದ್ದನ್ನು ಕೋರ್ಟ್ ತಪ್ಪಾಗಿ ನಂಬಿತು ಎಂಬ ವಾದ ಅಲ್ಲಿ ಸಾಮಾನ್ಯವಾಗಿ ನಿಲ್ಲುವುದಿಲ್ಲ. ಹೆಚ್ಚಿನ ಎರಡನೇ ಮೇಲ್ಮನವಿಗಳು ಅಂಗೀಕಾರದ ಹಂತದಲ್ಲೇ ಮುಗ್ಗರಿಸುವುದು ಇಲ್ಲಿಯೇ.

ಪುನರೀಕ್ಷಣೆ ಕಕ್ಷಿದಾರನ ಹಕ್ಕಲ್ಲ, ಮೇಲಿನವರ ಮೇಲ್ವಿಚಾರಣೆಯ ಅಧಿಕಾರ. ಕೆಳಗಿನವರು ತಮ್ಮ ಅಧಿಕಾರವ್ಯಾಪ್ತಿ ಮೀರಿದರೇ, ಕ್ರಮ ತಪ್ಪಿದರೇ ಎಂಬುದನ್ನಷ್ಟೇ ನೋಡುತ್ತಾರೆ. ಸಿವಿಲ್ ಕಡೆ ಕಲಂ 115.

ಪುನರ್ವಿಲೋಕನ ಎಂದರೆ ತೀರ್ಪು ಕೊಟ್ಟ ಅದೇ ಕೋರ್ಟಿನ ಮುಂದೆ, ಅದೇ ಸಂಹಿತೆಯ ಕಲಂ 114 ಮತ್ತು ಆದೇಶ 47ರಡಿ (ಇಲ್ಲಿ ‘ಆದೇಶ’ ಎಂದರೆ ಸಂಹಿತೆಯ ಒಂದು ಅಧ್ಯಾಯ), ಕಣ್ಣಿಗೆ ರಾಚುವ ತಪ್ಪು ತೋರಿಸಿ ಕೇಳುವುದು. ಆಗ ಎಷ್ಟು ಹುಡುಕಿದರೂ ಸಿಗದ ಸಾಕ್ಷ್ಯ ಈಗ ಸಿಕ್ಕಿದ್ದರೆ ಅದೂ ಆಧಾರವಾಗುತ್ತದೆ. ‘ತೀರ್ಪು ಸರಿಯಿಲ್ಲ’ ಎಂಬುದು ಪುನರ್ವಿಲೋಕನಕ್ಕೆ ಕಾರಣವೇ ಅಲ್ಲ, ಅದು ಮೇಲ್ಮನವಿಯ ಮಾತು.

‘ಮರುಪರಿಶೀಲನೆ’ಯನ್ನು ಪಟ್ಟಿಯಿಂದಲೇ ತೆಗೆಯಿರಿ. ಸುಪ್ರೀಂ ಕೋರ್ಟಿನ ಪುನರ್ವಿಲೋಕನಕ್ಕೂ ಅದೇ, ಡಿಸಿಯವರ ಪುನರೀಕ್ಷಣೆಗೂ ಅದೇ, ಉತ್ತರಪತ್ರಿಕೆಯ ಮರುಎಣಿಕೆಗೂ ಅದೇ ಎಂದಾಗಿದೆ.

---

ಸರ್ವೆ_ನಂಬರ್ ಉತ್ತರ:

ಮೂರನೆಯದಕ್ಕೆ. ಕಂದಾಯದಲ್ಲಿ ಎರಡು ಏಣಿಗಳಿವೆ. ಜನ ತಪ್ಪು ಏಣಿ ಹತ್ತಿ ವರ್ಷ ಕಳೆಯುತ್ತಾರೆ.

ಸಾಮಾನ್ಯ ಏಣಿ ಕರ್ನಾಟಕ ಭೂಕಂದಾಯ ಕಾಯ್ದೆ, 1964ರ ಕಲಂ 49 ಮತ್ತು 50. ತಹಸೀಲ್ದಾರರ ಆದೇಶದ ಮೇಲೆ ಉಪವಿಭಾಗಾಧಿಕಾರಿಗೆ, ಅವರ ಮೂಲ ಆದೇಶದ ಮೇಲೆ ಜಿಲ್ಲಾಧಿಕಾರಿಗೆ, ಜಿಲ್ಲಾಧಿಕಾರಿಯ ಮೂಲ ಆದೇಶದ ಮೇಲೆ ಕರ್ನಾಟಕ ಮೇಲ್ಮನವಿ ನ್ಯಾಯಾಧಿಕರಣಕ್ಕೆ. ಇದು ಕಲಂ 49, ಮೊದಲ ಮೇಲ್ಮನವಿ. ಎರಡನೆಯದು ಕಲಂ 50.

ಆದರೆ ಹಕ್ಕು ಬದಲಾವಣೆ (ನೀವು ಕೇಳಿದ ಖಾತೆ ಬದಲಾವಣೆ), ಅಂದರೆ ಎಂ.ಆರ್. ಎಂಬ ಹಕ್ಕು ಬದಲಾವಣೆ ವಹಿಯ ನಮೂದು, ಈ ಏಣಿಯಲ್ಲಿ ಬರುವುದಿಲ್ಲ. ಅದಕ್ಕೆ ಕಲಂ 136 ಪ್ರತ್ಯೇಕವಾಗಿದೆ. ತಕರಾರು ಪ್ರಕರಣದಲ್ಲಿ ತಹಸೀಲ್ದಾರರು ಕಲಂ 129ರಡಿ ಆದೇಶ ಮಾಡಿದರೆ 136(2)ರಡಿ ಉಪವಿಭಾಗಾಧಿಕಾರಿಗೆ ಮೇಲ್ಮನವಿ. ಆದೇಶ ತಿಳಿಸಿದ ದಿನದಿಂದ, ಅಥವಾ ಪ್ರಮಾಣೀಕರಿಸಿದ ನಮೂದು ಗೊತ್ತಾದ ದಿನದಿಂದ, 60 ದಿನ. ಅಲ್ಲಿ ಸೋತರೆ 136(3)ರಡಿ ಜಿಲ್ಲಾಧಿಕಾರಿಗೆ. ಇದು ಪುನರೀಕ್ಷಣೆ, ಎರಡನೇ ಮೇಲ್ಮನವಿ ಅಲ್ಲ. ಡಿಸಿ ಆದೇಶದ ನಂತರ ಉಳಿಯುವುದು ಹೈಕೋರ್ಟಿನ ರಿಟ್ (ಅಧಿಕಾರಿಯ ಆದೇಶವನ್ನು ನೇರವಾಗಿ ಹೈಕೋರ್ಟಿನಲ್ಲಿ ಪ್ರಶ್ನಿಸುವ ಅರ್ಜಿ). ಕೆಎಟಿಗೆ ಹೋಗುವ ಹಾದಿಯೇ ಇದರಲ್ಲಿ ಇಲ್ಲ.

136(2)ರ ಕೊನೆಯಲ್ಲಿ ಉಪವಿಭಾಗಾಧಿಕಾರಿಯ ತೀರ್ಮಾನ ‘ಅಂತಿಮ’ ಎಂದಿದೆ. ಇದನ್ನು ಓದಿ ಕೈಚೆಲ್ಲಿದವರಿದ್ದಾರೆ. ಅಂತಿಮ ಎಂದರೆ ಅದರ ಮೇಲೆ ಮತ್ತೊಂದು ಮೇಲ್ಮನವಿ ಇಲ್ಲ ಎಂದಷ್ಟೇ. ಪಕ್ಕದ ಉಪಕಲಮಿನ ಪುನರೀಕ್ಷಣೆ ತೆರೆದೇ ಇದೆ. ಪದದ ಭೇದ ಇಲ್ಲಿ ನೇರವಾಗಿ ಹೊಲದ ಮೇಲೆ ಬೀಳುತ್ತದೆ.

136(3)ಕ್ಕೆ ದಿನಗಳ ಗಡಿ ಬರೆದಿಲ್ಲ. ಹಾಗಂತ ಇಪ್ಪತ್ತು ವರ್ಷದ ಹಳೆಯ ನಮೂದನ್ನು ಎಳೆದು ತಂದರೆ ‘ಸಮಂಜಸ ಅವಧಿ’ಯಲ್ಲಿ ಬಂದಿಲ್ಲವೆಂದು ವಜಾ ಆಗುತ್ತದೆ.

ಇನ್ನು, ಮಾಲೀಕತ್ವವೇ ವಿವಾದವಾಗಿದ್ದರೆ (ಉಯಿಲು ನಕಲಿ, ಪಾಲು ಬಂದಿಲ್ಲ ಇತ್ಯಾದಿ) ಎಸಿ, ಡಿಸಿ ಸುತ್ತಿ ಪ್ರಯೋಜನವಿಲ್ಲ. ಕಲಂ 135ರ ಪರಂತುಕ (‘ಆದರೆ’ ಎಂದು ಕೊನೆಗೆ ಸೇರಿಸಿದ ಷರತ್ತು) ಓದಿ: ಹಕ್ಕು ಘೋಷಣೆಗೆ ಸಿವಿಲ್ ದಾವೆ ಹೂಡಬೇಕು, ಡಿಕ್ರಿ (ದಾವೆಯಲ್ಲಿ ಕೋರ್ಟಿನ ತೀರ್ಮಾನದ ಆದೇಶ) ಬಂದರೆ ಪಹಣಿ ಅದರಂತೆ ತಿದ್ದಿಕೊಳ್ಳುತ್ತದೆ. ಪಹಣಿ ಬದಲಾಯಿತೆಂದು ಹಕ್ಕು ಬದಲಾಗುವುದಿಲ್ಲ.

ತಹಸೀಲ್ದಾರರಿಗೇ ‘ಆದೇಶ ಪುನರ್‌ಪರಿಶೀಲಿಸಿ’ ಎಂದು ಮನವಿ ಕೊಟ್ಟು ಕಾಯುವುದು ಇನ್ನೊಂದು ಸಾಮಾನ್ಯ ತಪ್ಪು. ಕಾಯ್ದೆ ಕೊಡದ ಪುನರ್ವಿಲೋಕನ ಅಧಿಕಾರ ಅರೆನ್ಯಾಯಿಕ ಅಧಿಕಾರಿಗೆ (ಕೋರ್ಟಲ್ಲದಿದ್ದರೂ ತಕರಾರು ತೀರ್ಮಾನಿಸುವವರಿಗೆ) ತಾನಾಗಿ ಬರುವುದಿಲ್ಲ. ಕಾಯುವಷ್ಟರಲ್ಲಿ 60 ದಿನ ಕಳೆದಿರುತ್ತದೆ.

---

ಟಪಾಲು_ವಿಭಾಗ ಉತ್ತರ:

ಎರಡನೇ ಪ್ರಶ್ನೆ ಯಾರೂ ಮುಟ್ಟಿಲ್ಲ.

ಸಂಸ್ಥೆಯ ಹೆಸರು ನೋಡಿ ಅದು ಮೇಲ್ಮನವಿ ಕೇಳುತ್ತದೆಯೇ ಎಂದು ಊಹಿಸಬೇಡಿ. ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ ಮೊದಲ ವಿಚಾರಣೆಯ ಜಾಗ. ಅದರ ತೀರ್ಪಿನ ಮೇಲೆ ಹೈಕೋರ್ಟಿಗೆ ಎಂ.ಎಫ್.ಎ. (ಇತರೆ ಮೊದಲ ಮೇಲ್ಮನವಿ) ಹೋಗುತ್ತದೆ. ಭೂ ನ್ಯಾಯಮಂಡಳಿ (ಏಳನೇ ನಮೂನೆಯ ಗೇಣಿ ಅರ್ಜಿಗಳದ್ದು) ಕೂಡ ಮೂಲ ವಿಚಾರಣೆಯದೇ, ಅದರ ಮೇಲೆ ಈಗ ರಿಟ್ ಮಾತ್ರ. ಕರ್ನಾಟಕ ಮೇಲ್ಮನವಿ ನ್ಯಾಯಾಧಿಕರಣ, ಆದಾಯ ತೆರಿಗೆ ಮೇಲ್ಮನವಿ ನ್ಯಾಯಾಧಿಕರಣ ಹೆಸರಲ್ಲೇ ಹೇಳಿಕೊಂಡಿವೆ. ನ್ಯಾಯಾಧಿಕರಣ, ನ್ಯಾಯಮಂಡಳಿ ಎರಡೂ ಒಂದೇ ಇಂಗ್ಲಿಷ್ ಪದದ ಎರಡು ಕನ್ನಡ ರೂಪಗಳು. ಆಯಾ ಸಂಸ್ಥೆ ತನ್ನ ಫಲಕದಲ್ಲಿ ಬರೆದುಕೊಂಡಿದ್ದನ್ನೇ ಉಳಿಸಿಕೊಳ್ಳಿ, ಏಕರೂಪ ಮಾಡಲು ಹೋಗಬೇಡಿ.

ಮೇಲ್ಮನವಿ ಪ್ರಾಧಿಕಾರ ಎಂದರೆ ಸಾಮಾನ್ಯವಾಗಿ ಒಬ್ಬ ಅಧಿಕಾರಿ, ಇಲಾಖೆಯೊಳಗೇ ಇರುವವರು. ಮಾಹಿತಿ ಹಕ್ಕು ಕಾಯ್ದೆಯ ಪ್ರಥಮ ಮೇಲ್ಮನವಿ ಪ್ರಾಧಿಕಾರಕ್ಕೆ 30 ದಿನದೊಳಗೆ ಹೋಗಬೇಕು. ಎರಡನೇ ಮೇಲ್ಮನವಿ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ. ಸಕಾಲ ಕಾಯ್ದೆಯಲ್ಲಿ (ಸರ್ಕಾರಿ ಸೇವೆಯನ್ನು ಗೊತ್ತಾದ ದಿನದೊಳಗೆ ಕೊಡಬೇಕೆನ್ನುವುದು) ತಿರುವುಮುರುವು: ಪದನಾಮಿತ ಅಧಿಕಾರಿ ಅರ್ಜಿ ತಿರಸ್ಕರಿಸಿದರೆ ಮೊದಲ ಮೇಲ್ಮನವಿ ‘ಸಕ್ಷಮ ಅಧಿಕಾರಿ’ಗೆ, ಎರಡನೆಯದು ‘ಮೇಲ್ಮನವಿ ಪ್ರಾಧಿಕಾರ’ಕ್ಕೆ. ಮಾಹಿತಿ ಹಕ್ಕಿನ ಅಭ್ಯಾಸದಲ್ಲಿ ಸಕಾಲದ ಮೊದಲ ಮೇಲ್ಮನವಿಯನ್ನೇ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆದರೆ ವಾಪಸ್ ಬರುತ್ತದೆ.

ಮತ್ತೆ ಕೆಎಟಿ! ಭೂಕಂದಾಯ, ಸಹಕಾರ ಸಂಘಗಳ ಮೇಲ್ಮನವಿ ಕೇಳುವುದು ಕರ್ನಾಟಕ ಮೇಲ್ಮನವಿ ನ್ಯಾಯಾಧಿಕರಣ, 1976ರ ಕಾಯ್ದೆಯದು. ಸರ್ಕಾರಿ ನೌಕರರ ವರ್ಗಾವಣೆ, ಬಡ್ತಿ ಕೇಳುವುದು ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿ, 1985ರ ಕೇಂದ್ರ ಕಾಯ್ದೆಯಡಿ ಬಂದದ್ದು. ಪತ್ರಿಕೆಗಳಿಗೆ ಎರಡೂ ಕೆಎಟಿ. ‘ವರ್ಗಾವಣೆಗೆ ಕೆಎಟಿ ತಡೆ’ ಎಂದಿದ್ದರೆ ಅದು ಎರಡನೆಯದು. ಪದಪಟ್ಟಿಯಲ್ಲಿ ಪೂರ್ತಿ ಹೆಸರು ಕಡ್ಡಾಯ ಮಾಡಿ.

---

ಪದಪಟ್ಟಿ:

ತುಂಬಾ ಉಪಯೋಗವಾಯಿತು. ಇನ್ನೆರಡು ಅನುಮಾನ. ಎಸಿ ಕೋರ್ಟಿನ ಆದೇಶದಲ್ಲೂ ‘ಆರ್.ಎ.’ ಎಂದಿದೆ, ಸಿವಿಲ್ ಕೋರ್ಟಿನ ತೀರ್ಪಲ್ಲೂ ‘ಆರ್.ಎ.’ ಎಂದಿದೆ. ಗುರುತಿಸುವುದು ಹೇಗೆ? ಮತ್ತೆ, ಸಿವಿಲ್ ತೀರ್ಪಿನ ಮೇಲಿನ ಮೇಲ್ಮನವಿಗೆ ತೀರ್ಪಿನ ನಕಲು ಬಂದ ದಿನದಿಂದ 30 ದಿನ ಎಣಿಸಬೇಕೋ, ತೀರ್ಪಿನ ದಿನದಿಂದಲೋ?

---

ಕಟಕಟೆ ಉತ್ತರ:

ನಂಬರಿನ ಬಾಲ ನೋಡಿ. ಎಸಿ ಕೋರ್ಟಿನದು (ರೆವಿನ್ಯೂ ಅಪೀಲು) ಸಾಮಾನ್ಯವಾಗಿ 2014-15 ಎಂಬಂತೆ ಆರ್ಥಿಕ ವರ್ಷದಲ್ಲಿ ಮುಗಿಯುತ್ತದೆ, ಸಿವಿಲ್ ಕೋರ್ಟಿನದು (ರೆಗ್ಯುಲರ್ ಅಪೀಲು) 2014 ಎಂದು ಒಂಟಿ ವರ್ಷದಲ್ಲಿ. ಹೈಕೋರ್ಟಿನಲ್ಲಿ ಆರ್.ಎಫ್.ಎ. ಮೊದಲ ಮೇಲ್ಮನವಿ, ಆರ್.ಎಸ್.ಎ. ಎರಡನೆಯದು. ಎಂ.ಎಫ್.ಎ. ಇತರೆ ಆದೇಶಗಳ ಮೇಲಿನದು. ಡಬ್ಲ್ಯು.ಎ. ಎಂದರೆ ಏಕಸದಸ್ಯ ಪೀಠದ ರಿಟ್ ಆದೇಶದ ಮೇಲೆ ವಿಭಾಗೀಯ ಪೀಠಕ್ಕೆ ಹೋಗುವ ರಿಟ್ ಮೇಲ್ಮನವಿ. ಹೈಕೋರ್ಟಿನ ನಂಬರ್ ಆರಂಕಿಯದ್ದಾಗಿ 1ರಿಂದ ಶುರುವಾದರೆ (ಒಂದು ಲಕ್ಷ ಚಿಲ್ಲರೆ) ಧಾರವಾಡ ಪೀಠ, 2ರಿಂದ ಶುರುವಾದರೆ (ಎರಡು ಲಕ್ಷ ಚಿಲ್ಲರೆ) ಕಲಬುರಗಿ ಪೀಠ.

ದಿನ ಎಣಿಸುವುದು ತೀರ್ಪಿನ ದಿನದಿಂದ. ಜಿಲ್ಲೆಯೊಳಗಿನ ಮೇಲ್ಮನವಿ ನ್ಯಾಯಾಲಯಕ್ಕೆ 30 ದಿನ, ಹೈಕೋರ್ಟಿಗೆ 90 ದಿನ (1963ರ ಕಾಲಮಿತಿ ಕಾಯ್ದೆ, ಅನುಚ್ಛೇದ 116). ತೀರ್ಪಿನ ದಿನ ಬಿಟ್ಟುಬಿಡಿ. ದೃಢೀಕೃತ ನಕಲಿಗೆ ಹಿಡಿದ ದಿನಗಳನ್ನು ಅದೇ ಕಾಯ್ದೆಯ ಕಲಂ 12ರಂತೆ ಕೂಡಿಸಿಕೊಳ್ಳಿ.

ಲೆಕ್ಕ ಹೀಗೆ: ತೀರ್ಪು ಜೂನ್ 3. ಮೂವತ್ತನೇ ದಿನ ಜುಲೈ 3. ನಕಲಿಗೆ ಅರ್ಜಿ ಜೂನ್ 10, ನಕಲು ಸಿದ್ಧವಾದದ್ದು ಜೂನ್ 24. ಎರಡೂ ದಿನ ಸೇರಿಸಿ 15. ಕೊನೆಯ ದಿನ ಜುಲೈ 18. ಆ ದಿನ ಕೋರ್ಟ್ ರಜೆಯಿದ್ದರೆ ಮತ್ತೆ ತೆರೆದ ದಿನ ಹಾಕಬಹುದು.

ಎಡವುವುದು ಇಲ್ಲಿ: ನಕಲು ಜೂನ್ 24ಕ್ಕೆ ಸಿದ್ಧ, ಕಕ್ಷಿದಾರ ಜುಲೈ 8ಕ್ಕೆ ಹೋಗಿ ತಂದ. ನಡುವಿನ ದಿನಗಳು ಅವನ ಖಾತೆಗೇ. ನಕಲಿನ ಬೆನ್ನಲ್ಲಿ ಅರ್ಜಿಯ ದಿನ, ಸಿದ್ಧವಾದ ದಿನ, ಕೊಟ್ಟ ದಿನ ಮೂರೂ ಇರುತ್ತವೆ. ಎಣಿಕೆಗೆ ಬೇಕಾದ್ದು ಮೊದಲೆರಡು. ಇನ್ನು ಜುಲೈ 3 ದಾಟಿದ ಮೇಲೆ ನಕಲಿಗೆ ಅರ್ಜಿ ಹಾಕಿದರೆ ಕೂಡಿಸಿಕೊಳ್ಳಲು ಏನೂ ಉಳಿದಿರುವುದಿಲ್ಲ. ಅದೇ ಕಾಲಮಿತಿ ಕಾಯ್ದೆಯ ಕಲಂ 5ರ ವಿಳಂಬ ಮನ್ನಾ ಅರ್ಜಿ, ಜೊತೆಗೆ ಪ್ರಮಾಣಪತ್ರ (ಅಫಿಡವಿಟ್) ಬೇಕು. ಅದನ್ನು ಮೇಲ್ಮನವಿಯ ಜೊತೆಗೇ ಹಾಕಬೇಕೆಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 41ರ ನಿಯಮ 3ಎ ಹೇಳುತ್ತದೆ.

ಮೇಲ್ಮನವಿ ಹಾಕಿದ ಮಾತ್ರಕ್ಕೆ ಡಿಕ್ರಿ ನಿಲ್ಲುವುದಿಲ್ಲ, ಆದೇಶ 41ರ ನಿಯಮ 5 ಸ್ಪಷ್ಟವಾಗಿದೆ. ತಡೆಯಾಜ್ಞೆಗೆ ಬೇರೆ ಅರ್ಜಿ ಹಾಕಬೇಕು. ಹಣದ ಡಿಕ್ರಿಯಾದರೆ ಠೇವಣಿಗೋ ಜಾಮೀನಿಗೋ ಸಿದ್ಧವಾಗಿರಿ.

---

ಅರ್ಥಕೋಶ ಉತ್ತರ:

‘ತಡೆಯಾಜ್ಞೆ’ ಎಂದಿರಲ್ಲ, ಅದನ್ನೂ ಪಟ್ಟಿಯಲ್ಲಿ ಸೀಳಿ. ಆದೇಶದ ಜಾರಿಯನ್ನು ನಿಲ್ಲಿಸುವುದು ತಡೆಯಾಜ್ಞೆ. ‘ಜಮೀನಿಗೆ ಕಾಲಿಡಬೇಡ’ ಎಂದು ವ್ಯಕ್ತಿಯನ್ನು ಕಟ್ಟಿಹಾಕುವುದು ಪ್ರತಿಬಂಧಕಾಜ್ಞೆ. ಮಾತಿನಲ್ಲಿ ಎರಡಕ್ಕೂ ‘ಸ್ಟೇ ತಂದರು’. ಪಹಣಿಯ ಹನ್ನೊಂದನೇ ಕಾಲಮ್ಮಿನಲ್ಲಿ ಬರೆಸಲು ಹೋದಾಗ ಯಾವ ಬಗೆಯ ಆಜ್ಞೆ, ಯಾರ ಮೇಲೆ ಎಂದು ಕೇಳುತ್ತಾರೆ.

ಪಕ್ಷಕಾರರ ಹೆಸರು: ಮೇಲ್ಮನವಿದಾರ, ಎದುರುದಾರ. ಎದುರುದಾರನಿಗೆ ‘ಪ್ರತಿವಾದಿ’ ಎಂದು ಬರೆಯುವ ಅನುವಾದ ನೋಡಿದ್ದೇನೆ, ಅದು ಅನರ್ಥ. ಕೆಳಗೆ ಪ್ರತಿವಾದಿಯಾಗಿ ಸೋತವನೇ ಮೇಲೆ ಮೇಲ್ಮನವಿದಾರ ಆಗಿರುತ್ತಾನೆ. ತೀರ್ಪುಗಳು ಗೊಂದಲ ತಪ್ಪಿಸಲು ‘ವಿಚಾರಣಾ ನ್ಯಾಯಾಲಯದಲ್ಲಿನ ಸ್ಥಾನಮಾನದಂತೆ’ ಎಂದು ಹೇಳಿ ವಾದಿ, ಪ್ರತಿವಾದಿ ಎಂದೇ ಮುಂದುವರಿಯುವುದುಂಟು. ಆ ಸಾಲು ಬಿಟ್ಟು ಓದಿದರೆ ಗೆದ್ದವನು ಸೋತಂತೆ ಕಾಣುತ್ತದೆ.

‘ಕೆಳ ನ್ಯಾಯಾಲಯ’ ಕೂಡ ಬೇಡ, ‘ವಿಚಾರಣಾ ನ್ಯಾಯಾಲಯ’ ಎನ್ನಿ. 2024ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ತನ್ನ ರಿಜಿಸ್ಟ್ರಿಗೇ ಇದನ್ನು ಹೇಳಿತು.

‘ಪ್ರಕರಣ’ದ ಬಗ್ಗೆ ಎಚ್ಚರ. ಕಾಯ್ದೆಗಳ ಕನ್ನಡ ಪಠ್ಯದಲ್ಲಿ ‘136ನೇ ಪ್ರಕರಣ’ ಎಂದರೆ 136ನೇ ಕಲಂ, ಕೇಸ್ ನಂಬರ್ 136 ಅಲ್ಲ.

---

ಸರ್ವೆ_ನಂಬರ್:

ಒಂದು ಸೇರಿಸುತ್ತೇನೆ. ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಮಂಜೂರಾದ ಜಮೀನಿನ ಪರಭಾರೆ ನಿಷೇಧ ಕಾಯ್ದೆ (1978, ಪಿಟಿಸಿಎಲ್) ಕೇಸುಗಳಲ್ಲಿ ಎಸಿ ಆದೇಶದ ಮೇಲೆ ಡಿಸಿಗೆ ಹೋಗುವುದು ಕಲಂ 5ಎ ಅಡಿ ಮೇಲ್ಮನವಿಯೇ, ಮೂರು ತಿಂಗಳೊಳಗೆ. ಹಕ್ಕು ಬದಲಾವಣೆಯಲ್ಲಿ ಅದೇ ಎಸಿ, ಅದೇ ಡಿಸಿ, ಆದರೆ ಪುನರೀಕ್ಷಣೆ. ಕಚೇರಿ ನೋಡಿ ಪದ ಹಾಕಬೇಡಿ, ಆದೇಶದ ತಲೆಬರಹದಲ್ಲಿ ಯಾವ ಕಾಯ್ದೆಯ ಯಾವ ಕಲಂ ಎಂದಿದೆಯೋ ಅದನ್ನು ನೋಡಿ ಹಾಕಿ. ಅರ್ಜಿಯ ಮೇಲೂ ಅದೇ ಕಲಂ ಬರೆಯಿರಿ.