ಪ್ರಶ್ನೋತ್ತರ: ಕಾಡಿನ ಪಾಠ ಹೇಳುವ ಕೆಲಸ

ಅಡ್ಮಿನ್: ಈ ವಾರ ಮೇಡಂ ನಿಮ್ಮ ಪ್ರಶ್ನೆಗಳಿಗೆ ಉತ್ತರಿಸುತ್ತಾರೆ. ನಾಗರಹೊಳೆ, ಬಂಡೀಪುರದ ಅಂಚಿನ ಶಾಲೆಗಳಲ್ಲಿ ಮಕ್ಕಳಿಗೆ ಕಾಡಿನ ಪಾಠ, ಅರಣ್ಯ ವಾಚರ್‌ಗಳಿಗೆ ತರಬೇತಿ. ಹದಿನೆಂಟು ವರ್ಷದಿಂದ ಇದೇ ಕೆಲಸದ ತಂಡ ನಡೆಸುತ್ತಿದ್ದಾರೆ. ಒಂದೇ ಪ್ರಶ್ನೆ ಮತ್ತೆ ಮತ್ತೆ ಬೇಡ, ದಯವಿಟ್ಟು.

ಬಿ.ಎಸ್ಸಿ. ವಿದ್ಯಾರ್ಥಿ, ತುಮಕೂರು: ನಮಸ್ತೆ ಮೇಡಂ. ಈ ಕೆಲಸಕ್ಕೆ ಯಾವ ಕೋರ್ಸ್ ಮಾಡಬೇಕು?

ಮೇಡಂ: ಸಂಶೋಧನೆ ಮಾಡುವ ಆಸೆ ಇದ್ದರೆ ಡೆಹ್ರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆಯಲ್ಲಿ, ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಕೇಂದ್ರವಾದ ಎನ್‌ಸಿಬಿಎಸ್‌ನಲ್ಲಿ ಎಂ.ಎಸ್ಸಿ. ಇದೆ. ಸೀಟು ಕಡಿಮೆ. ಪಿಯುಸಿ ಆದವರಿಗೆ ಶಿರಸಿ, ಪೊನ್ನಂಪೇಟೆಯ ಅರಣ್ಯ ಕಾಲೇಜುಗಳಿವೆ. ಪಾಠ ಹೇಳುವ ಕೆಲಸಕ್ಕೆ ಇದೇ ಓದು ಬೇಕು ಅಂತೇನಿಲ್ಲ. ನಾನು ಬಿ.ಇಡಿ. ಮಾಡಿ ಹೈಸ್ಕೂಲಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತಿದ್ದವಳು. ಜೇನುಕುರುಬ ವಾಚರ್‌ಗಳಿಗೆ ತರಬೇತಿ ಕೊಡಲು ಹೋಗಿ, ಮೊದಲ ವರ್ಷ ಪೂರ್ತಿ ಅವರಿಂದಲೇ ಕಲಿತೆ.

ಶಿಕ್ಷಕಿ, ಎಚ್.ಡಿ. ಕೋಟೆ: ಮೇಡಂ, ನಮ್ಮದು ಕಾಡಂಚಿನ ಶಾಲೆ. ಮುಂದಿನ ತಿಂಗಳು ಆನೆ ಬಗ್ಗೆ ಪಾಠ ಮಾಡಬೇಕು. ಆರನೇ ತರಗತಿಯ ಒಬ್ಬ ಹುಡುಗನ ಅಪ್ಪ ಹೋದ ವರ್ಷ ಆನೆ ತುಳಿದು ತೀರಿಕೊಂಡರು. ಆನೆ ಚಿತ್ರ ತೋರಿಸಿದರೆ ತಲೆ ತಗ್ಗಿಸಿ ಕೂರುತ್ತಾನೆ. ಉಳಿದ ಮಕ್ಕಳು ಅವನ ಕಡೆಗೇ ನೋಡುತ್ತಾರೆ. ಏನು ಮಾಡಲಿ?

ಮೇಡಂ: ನೀವು ಕೇಳಿದ್ದು ಒಳ್ಳೆಯದಾಯಿತು. ನಾನು ಯಾರನ್ನೂ ಕೇಳಿರಲಿಲ್ಲ. ಶುರುವಿನ ವರ್ಷಗಳಲ್ಲಿ ಒಂದು ಹಾಡಿಯ (ಕಾಡಿನ ಆದಿವಾಸಿಗಳ ಊರಿನ) ಶಾಲೆಯಲ್ಲಿ ‘ಆನೆ ನಮ್ಮ ಗೆಳೆಯ’ ಅಂತ ಬೊಂಬೆಯಾಟ ಆಡಿಸಿದೆ. ಒಬ್ಬಳು ಹುಡುಗಿ ಸುಮ್ನೆ ಎದ್ದು ಹೊರಗೆ ಹೋದಳು. ಅವಳ ತಾತನೂ ಆನೆ ತುಳಿದೇ ತೀರಿಕೊಂಡಿದ್ದರಂತೆ. ಆಟ ಮುಗಿದ ಮೇಲೆ ಮೇಷ್ಟ್ರು ಹೇಳಿದರು. ಮೊದಲೇ ವಿಚಾರಿಸದೆ ಇದ್ದದ್ದು ನನ್ನ ತಪ್ಪು.

ಮೊದಲು ಅವನ ತಾಯಿಯ ಹತ್ತಿರ ಮಾತಾಡಿ. ಪಾಠದ ವಿಷಯ ಹೇಳಿ, ಬೇಡ ಅಂದರೆ ಬಿಟ್ಟುಬಿಡಿ. ಒಪ್ಪಿದರೂ ಅವನನ್ನು ನಿಲ್ಲಿಸಿ ಏನೂ ಕೇಳಬೇಡಿ. ಗೆಳೆಯ, ದೇವರು, ಗಣಪತಿ ಯಾವುದೂ ಬೇಡ. ಮಕ್ಕಳಿಗೆ ಗೊತ್ತಿರುವುದರಿಂದಲೇ ಶುರು ಮಾಡಿ. ಆನೆ ಯಾವ ಹೊತ್ತಿಗೆ ಬರುತ್ತದೆ, ಯಾವ ದಾರಿಯಲ್ಲಿ ದಾಟುತ್ತದೆ, ಬಿದಿರು ಮುರಿಯುವ ಸದ್ದು ಹೇಗಿರುತ್ತದೆ. ಇದೆಲ್ಲ ನನಗಿಂತ ಅವರಿಗೇ ಚೆನ್ನಾಗಿ ಗೊತ್ತು. ದೊಡ್ಡ ಹಾಳೆ ಕೊಟ್ಟು ಊರಿನ ನಕ್ಷೆ ಬರೆಸಿ. ಒಂದು ಊರಲ್ಲಿ ಮಕ್ಕಳು ಬರೆದ ನಕ್ಷೆಯಲ್ಲಿ ಆನೆ ದಾರಿ, ಬಸ್ ಸ್ಟಾಪು, ಕೆಟ್ಟು ಹೋದ ಬೀದಿದೀಪ ಮೂರೂ ಒಂದೇ ಕಡೆ ಬಂದವು. ಅದನ್ನೇ ಪಂಚಾಯಿತಿಗೆ ಒಯ್ದು ಕೊಟ್ಟೆವು. ದೀಪ ಬಂತು.

ಆಮೇಲೆ ಹಗಲು ಹೊತ್ತು, ವಾಚರ್ ಜೊತೆಗಿದ್ದಾಗ, ಕೆಸರಲ್ಲಿ ಮೂಡಿದ ಮುಂಗಾಲಿನ ಹೆಜ್ಜೆಯ ಸುತ್ತ ದಾರ ಹಿಡಿಸಿ ಅಳೆಸಿ. ಆ ಅಳತೆಯ ಎರಡರಷ್ಟು ಅಂದರೆ ಸುಮಾರಾಗಿ ಆನೆಯ ಭುಜದ ಎತ್ತರ. ಶಾಲೆಯ ಗೋಡೆ ಮೇಲೆ ಸುಣ್ಣದಲ್ಲಿ ಗೆರೆ ಎಳೆಯಿರಿ. ಮಕ್ಕಳು ಅದರ ಕೆಳಗೆ ನಿಂತು ತಲೆ ಎತ್ತಿ ನೋಡುತ್ತಾರೆ. ‘ಹುಷಾರಾಗಿರಿ’ ಅಂತ ಬೇರೆ ಹೇಳಬೇಕಾಗಿಲ್ಲ. ಆ ಹುಡುಗ ಬರದಿದ್ದರೆ ಕರೆಯಬೇಡಿ.

ಗುಂಪಿನ ಸದಸ್ಯ, ಮೈಸೂರು: ಫಾರ್ವರ್ಡ್ ಬಂದಿದೆ, ಎಲ್ಲರಿಗೂ ಉಪಯೋಗ ಆಗಲಿ. ಆನೆ ಅಟ್ಟಿಸಿಕೊಂಡು ಬಂದರೆ ಇಳಿಜಾರಿನ ಕಡೆ ಓಡಿ, ಅದಕ್ಕೆ ಇಳಿಯಲು ಆಗುವುದಿಲ್ಲ. 🙏

ಮೇಡಂ: ದಯವಿಟ್ಟು ಅಳಿಸಿ. ಆನೆ ಕಡಿದಾದ ಇಳಿಜಾರನ್ನೂ ಇಳಿಯುತ್ತದೆ. ಓಟದಲ್ಲಿ ನಿಮ್ಮನ್ನು ಹಿಂದೆ ಹಾಕುತ್ತದೆ. ದೂರದಲ್ಲಿ ಕಂಡಾಗಲೇ ಸದ್ದಿಲ್ಲದೆ ಹಿಂದೆ ಸರಿಯಿರಿ. ಸೆಲ್ಫಿ ಬೇಡ.

ಅದೇ ಸದಸ್ಯ: ಸರಿ ಮೇಡಂ. ಹಾವು ಕಚ್ಚಿದರೆ ವಿಷಕಲ್ಲು ಅಂಟಿಸಬಹುದಲ್ಲ? ನಮ್ಮಜ್ಜಿ ಮಾಡುತ್ತಿದ್ದರು.

ಮೇಡಂ: ಬೇಡ. ಕೊಯ್ಯಬಾರದು, ಚೀಪಬಾರದು, ಬಿಗಿಯಾಗಿ ಕಟ್ಟಬಾರದು. ಕೈಕಾಲು ಅಲ್ಲಾಡಿಸದೆ ಆಂಟಿವೆನಮ್ ಇರುವ ಆಸ್ಪತ್ರೆಗೆ ಹೋಗಬೇಕು. ಕಟ್ಟುಹಾವು ಕಚ್ಚಿದರೆ ನೋವೇ ಗೊತ್ತಾಗದೆ ಇರಬಹುದು. ಬೆಳಗ್ಗೆವರೆಗೆ ನೋಡೋಣ ಅಂತ ಕಲ್ಲು ಅಂಟಿಸಿ ಕೂತವರು ಬೆಳಗ್ಗೆ ಏಳದೆ ಇರಬಹುದು. ವಾಚರ್‌ಗಳಿಗೆ ಮೊದಲ ದಿನವೇ ಇದನ್ನು ಹೇಳುತ್ತೇವೆ.

ಪದವಿ ವಿದ್ಯಾರ್ಥಿನಿ, ಹಾವೇರಿ: ಮೇಡಂ, ಯಾವ ಕೋರ್ಸ್ ಒಳ್ಳೆಯದು?

ಮೇಡಂ: ಮೇಲೆ ಹೇಳಿದ್ದೇನೆ.

ಕಾಫಿ ಬೆಳೆಗಾರ, ಆಲೂರು: ಮಕ್ಕಳಿಗೆ ನಕ್ಷೆ ಬರೆಸಿದರೆ ಆನೆ ಬರುವುದು ನಿಲ್ಲುತ್ತಾ? ಸಂಜೆ ಆದರೆ ನಮ್ಮ ಮಕ್ಕಳನ್ನು ಹೊರಗೆ ಬಿಡುವ ಹಾಗಿಲ್ಲ.

ಫೋಟೋಗ್ರಾಫರ್, ಬೆಂಗಳೂರು: ಆನೆ ಜಾಗದಲ್ಲಿ ತೋಟ ಮಾಡಿದವರು ನೀವೇ ಅಲ್ವಾ ಸರ್.

ಕಾಫಿ ಬೆಳೆಗಾರ: ನಮ್ಮ ತಂದೆ ಹೇಮಾವತಿ ಹಿನ್ನೀರಿಗೆ ಗದ್ದೆ ಬಿಟ್ಟುಕೊಟ್ಟವರು. 2014ರ ಸುಮಾರಿಗೆ ಈ ಕಡೆಯಿಂದ ಇಪ್ಪತ್ತಕ್ಕೂ ಜಾಸ್ತಿ ಆನೆ ಹಿಡಿದು ಒಯ್ದರು. ಬೇರೆ ಆನೆ ಬಂದವು. ನಿಮಗೆ ಜೀಪಲ್ಲಿ ಎರಡು ಗಂಟೆ ಆನೆ. ನಮಗೆ ರಾತ್ರಿಯೆಲ್ಲ ಆನೆ.

ಫೋಟೋಗ್ರಾಫರ್: ಕಾಡೊಳಗೆ ಜನ ಇದ್ದರೆ ಪ್ರಾಣಿ ಉಳಿಯಲ್ಲ. ಹಾಡಿಗಳನ್ನೂ ಹೊರಗೆ ಹಾಕಬೇಕು. ಸತ್ಯ ಹೇಳಿದರೆ ಕೋಪ ಬರುತ್ತೆ.

ಸೋಲಿಗ ಯುವಕ, ಚಾಮರಾಜನಗರ: ಬಿಳಿಗಿರಿರಂಗನ ಬೆಟ್ಟದಲ್ಲಿ 2011ರಲ್ಲೇ ನಮ್ಮ ಪೋಡುಗಳಿಗೆ (ಸೋಲಿಗರ ಊರುಗಳಿಗೆ) ಅರಣ್ಯ ಹಕ್ಕು ಸಿಕ್ಕಿದೆ. ಹುಲಿಯೂ ಇದೆ, ನಾವೂ ಇದ್ದೇವೆ. ನೀವು ಯಾವಾಗ ಬಂದು ನೋಡಿದ್ದು?

ಫೋಟೋಗ್ರಾಫರ್: ನಾನು 60 ಸಲ ಸಫಾರಿ ಮಾಡಿದ್ದೇನೆ.

ಕಾಫಿ ಬೆಳೆಗಾರ: ಟಿಕೆಟ್ ಎಣಿಸಿ ಇಟ್ಟಿದ್ದೀರಾ.

ಅಡ್ಮಿನ್: ಇಬ್ಬರೂ ನಿಲ್ಲಿಸಿ.

ಮೇಡಂ: ಬೆಳೆಗಾರರ ಪ್ರಶ್ನೆಗೆ ಉತ್ತರ: ನಿಲ್ಲಲ್ಲ. ನಕ್ಷೆ ಇರುವುದು ಮಕ್ಕಳು ಕ್ಷೇಮವಾಗಿ ಮನೆ ಸೇರಲಿ ಅಂತ. ನಿಮ್ಮ ಕಡೆ ಆನೆ ಎಲ್ಲಿದೆ ಅಂತ ಮೊಬೈಲಿಗೆ ಮೆಸೇಜ್ ಬರುತ್ತದಲ್ಲ, ಅದೂ ಅಷ್ಟಕ್ಕೇ. ಫೋಟೋಗ್ರಾಫರ್ ಅವರೇ, ನೀವು ಕೂರುವ ಜೀಪಿನ ಡ್ರೈವರ್ ಯಾವ ಹಾಡಿಯವರು ಅಂತ ಒಮ್ಮೆ ಕೇಳಿ.

ಎಂಜಿನಿಯರ್, ಬೆಂಗಳೂರು: ಐಟಿ ಕೆಲಸ ಬಿಟ್ಟು ಬರೋಣ ಅಂತಿದ್ದೇನೆ. ಸಂಬಳ ಎಷ್ಟಿರುತ್ತೆ?

ಗುಂಪಿನ ಸದಸ್ಯ, ಮೈಸೂರು: ಹುಲಿ ಗರ್ಜನೆ ಸ್ಪೀಕರಲ್ಲಿ ಹಾಕಿದರೆ ಆನೆ ಓಡುತ್ತಂತೆ, ವಿಡಿಯೋ ಇದೆ. 🙏

ಮೇಡಂ: ನಿಮ್ಮ ಫೋನಿನಲ್ಲಿ ಫಾರ್ವರ್ಡ್ ಬಿಟ್ಟು ಬೇರೇನೂ ಇಲ್ಲವೇ? ಸದ್ದು ಅಷ್ಟೇ, ಹುಲಿ ಇಲ್ಲ ಅಂತ ಆನೆಗೆ ಬೇಗ ಅರ್ಥ ಆಗುತ್ತದೆ.

ಶಿಕ್ಷಕಿ, ಎಚ್.ಡಿ. ಕೋಟೆ: ಅವನ ತಾಯಿಯ ಹತ್ತಿರ ಮಾತಾಡಿ ಬಂದೆ ಮೇಡಂ. ಮಾಡಿ ಅಂದರು. ಅವನೂ ನಕ್ಷೆ ಬರೆಯಲಿ ಅಂದರು. ದಾರ ಎಷ್ಟು ಉದ್ದ ಬೇಕು?

ಮೇಡಂ: ಮೂರು ಮೀಟರ್ ಸಾಕು. ಸೆಣಬಿನದು ತನ್ನಿ, ನೈಲಾನ್ ಕೆಸರಲ್ಲಿ ಜಾರುತ್ತದೆ.

ಎಂಜಿನಿಯರ್, ಬೆಂಗಳೂರು: ಮೇಡಂ, ಸಂಬಳ?