ಓದುಗರ ಸ್ಪಂದನ: ಮೂರನೇ ವಾರಕ್ಕೇ ಮುಗಿಯುವ ಸಂಬಳ

ಸಮಸ್ಯೆ: ಇಬ್ಬರು ಮಕ್ಕಳನ್ನು ಒಬ್ಬಳೇ ಸಾಕುತ್ತಿದ್ದೇನೆ. ಸಂಬಳ ಮೂರನೇ ವಾರಕ್ಕೇ ಖಾಲಿ. ಮಕ್ಕಳ ತಂದೆ ಕೊಡಬೇಕಾದ ಹಣ ಒಂದು ತಿಂಗಳು ಬಂದರೆ ಎರಡು ತಿಂಗಳು ಇಲ್ಲ. ಫೀಸು ಕಟ್ಟುವಾಗ ಕ್ರೆಡಿಟ್ ಕಾರ್ಡೇ ಗತಿ. ಮಗಳು ಏನು ಕೇಳಿದರೂ ರೇಗುತ್ತೇನೆ. ಇನ್ನು ಯಾವ ಖರ್ಚು ಕಡಿಮೆ ಮಾಡಲಿ?

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಅದರಲ್ಲಿ ದುಂದುವೆಚ್ಚ ಎಲ್ಲೂ ಕಾಣಲಿಲ್ಲ. ನಿಮ್ಮನ್ನು ಬೀಳಿಸುತ್ತಿರುವುದು ದಿನದ ಖರ್ಚಲ್ಲ, ತಿಂಗಳ ಲೆಕ್ಕದಲ್ಲಿ ಸೇರದೆ ಉಳಿದ ಖರ್ಚು: ಫೀಸು, ಸಮವಸ್ತ್ರ, ವಿಮೆಯ ಕಂತು, ಗಾಡಿ ರಿಪೇರಿ, ಹಲ್ಲಿನ ಡಾಕ್ಟರು. ಕಳೆದ ಒಂದು ವರ್ಷದ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆದು, ಪ್ರತಿ ತಿಂಗಳೂ ಬಾರದ ಖರ್ಚಿಗೆಲ್ಲ ಗುರುತು ಹಾಕಿ. ಕೂಡಿಸಿ, 12ರಿಂದ ಭಾಗಿಸಿ. ಸಂಬಳ ಬಂದ ದಿನವೇ ಅಷ್ಟು ಹಣ ಬೇರೆ ಖಾತೆಗೆ ತಾನಾಗಿ ಹೋಗುವಂತೆ ಮಾಡಿ.

ಬಹಳ ಜನ ಎಡವುವುದು ಮೊದಲ ವರ್ಷದಲ್ಲಿ. ಫೀಸು 120 ಎಂದಿಟ್ಟುಕೊಳ್ಳಿ. ತಿಂಗಳಿಗೆ 10 ಎತ್ತಿಟ್ಟರೆ ಸಾಕು ಅನ್ನಿಸುತ್ತದೆ. ಆದರೆ ಫೀಸಿಗೆ ಇನ್ನು ನಾಲ್ಕೇ ತಿಂಗಳಿದ್ದರೆ ಈಗ ತಿಂಗಳಿಗೆ ಬೇಕಾಗಿರುವುದು 30. ಅಷ್ಟು ಆಗದಿದ್ದರೆ, ಗಡುವಿಗೆ ಮೊದಲೇ ಶಾಲೆಗೆ ಹೋಗಿ ಕಂತು ಕೇಳಿ. ಗಡುವು ಮುಗಿದ ಮೇಲೆ ಕೇಳುವುದಕ್ಕೂ ಮೊದಲೇ ಕೇಳುವುದಕ್ಕೂ ಬಹಳ ವ್ಯತ್ಯಾಸವಿದೆ.
– ಲೆಕ್ಕಪತ್ರ ವಿಭಾಗದ ಉದ್ಯೋಗಿ

ನಾನೂ ಒಬ್ಬನೇ ಮಗನನ್ನು ಬೆಳೆಸುತ್ತಿದ್ದೇನೆ. ನಿಮ್ಮ ಮಕ್ಕಳ ತಂದೆಯಿಂದ ಬರುವ ಹಣವನ್ನು ಆದಾಯದ ಪಟ್ಟಿಯಿಂದ ತೆಗೆದುಹಾಕಿ. ಬಾಡಿಗೆ, ದಿನಸಿ, ಕರೆಂಟು, ಓಡಾಟ ಎಲ್ಲವೂ ನಿಮ್ಮ ಸಂಬಳದೊಳಗೇ ನಿಲ್ಲಬೇಕು. ಕಷ್ಟ, ಗೊತ್ತು. ಆದರೆ ಅವರು ಕೊಡುತ್ತಾರೋ ಇಲ್ಲವೋ ಎಂಬುದರ ಮೇಲೆ ನಿಮ್ಮ ಮನೆಯ ದಿನಸಿ ನಿಂತಿರಬಾರದು. ಬಂದಾಗ ಮೊದಲು ಕಾರ್ಡಿನ ಸಾಲಕ್ಕೆ, ಅದು ತೀರಿದ ಮೇಲೆ ಆಪತ್ತಿನ ನಿಧಿಗೆ. ಯಾವ ದಿನ ಎಷ್ಟು ಬಂತು, ಯಾವ ತಿಂಗಳು ಬರಲಿಲ್ಲ ಎಂದು ಬರೆದಿಡಿ. ಮುಂದೆ ವಕೀಲರ ಬಳಿ ಹೋಗಬೇಕಾದರೆ ಆ ಪುಟವೇ ಮಾತಾಡುತ್ತದೆ.
– ಒಬ್ಬ ತಂದೆ

ಸಂಬಳದ ಪ್ರತಿ ನೂರರಲ್ಲಿ ಅಗತ್ಯಕ್ಕೆ 50, ಆಸೆಗೆ 30, ಉಳಿತಾಯಕ್ಕೆ 20 ಎಂಬ ಸೂತ್ರವನ್ನು ಯಾರಾದರೂ ನಿಮಗೆ ಹೇಳಿಯೇ ಹೇಳುತ್ತಾರೆ. ಒಂದೇ ಸಂಬಳದಲ್ಲಿ ಬಾಡಿಗೆ, ಮಕ್ಕಳನ್ನು ನೋಡಿಕೊಳ್ಳುವ ಖರ್ಚು ಎರಡೂ ಇದ್ದಾಗ ಆ ಸೂತ್ರ ಕಾಗದದ ಮೇಲಷ್ಟೇ ಚೆಂದ. ತಲೆ ಕೆಡಿಸಿಕೊಳ್ಳಬೇಡಿ.

ಕಾರ್ಡಿನ ವಿಷಯಕ್ಕೆ ಮಾತ್ರ ತಲೆ ಕೆಡಿಸಿಕೊಳ್ಳಿ. ತಿಂಗಳಿಗೆ ಶೇ 3 ಬಡ್ಡಿ ಎಂದರೆ ಕೇಳಲು ಸಣ್ಣದು, ಚಕ್ರಬಡ್ಡಿ ಸೇರಿದರೆ ವರ್ಷಕ್ಕೆ ಶೇ 42 ದಾಟುತ್ತದೆ. ಕನಿಷ್ಠ ಮೊತ್ತವನ್ನಷ್ಟೇ ಕಟ್ಟುತ್ತಿದ್ದರೆ ಬಹುಪಾಲು ಬಡ್ಡಿಗೇ ಹೋಗುತ್ತದೆ, ಅಸಲು ಹಾಗೇ ಕೂತಿರುತ್ತದೆ. ಮೇಲೆ ಬರೆದ ತಂದೆಯ ಮಾತಿಗೆ ಒಂದು ತಿದ್ದುಪಡಿ: ಮೊದಲು ಒಂದು ತಿಂಗಳ ಅಗತ್ಯದಷ್ಟಾದರೂ ನಗದು ಕೈಯಲ್ಲಿರಲಿ, ಆಮೇಲೆ ಕಾರ್ಡು. ಇಲ್ಲದಿದ್ದರೆ ಮಗುವಿಗೆ ಜ್ವರ ಬಂದ ದಿನ ಮತ್ತೆ ಅದೇ ಕಾರ್ಡನ್ನೇ ಉಜ್ಜುತ್ತೀರಿ.
– ಬ್ಯಾಂಕಿನಿಂದ ನಿವೃತ್ತ

ಉಳಿದವರು ಲೆಕ್ಕ ಹೇಳಿದ್ದಾರೆ, ನಾನು ಮಗಳ ಕಡೆಯಿಂದ ಬರೆಯುತ್ತೇನೆ. ನಮ್ಮನ್ನೂ ಅಮ್ಮ ಒಬ್ಬಳೇ ಬೆಳೆಸಿದಳು. ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ನಮಗೆ ಬೇಕಾದ್ದನ್ನೆಲ್ಲ ಪೆನ್ಸಿಲಿನಲ್ಲಿ ಬರೆಯಲು ಬಿಡುತ್ತಿದ್ದಳು. ಪಕ್ಕದಲ್ಲಿ ಅವಳು ತಿಂಗಳ ಹೆಸರು ಬರೆಯುವಳು, ಕೆಲವಕ್ಕೆ ಗೀಟು ಎಳೆಯುವಳು. ಗೀಟು ಬಿದ್ದದ್ದಕ್ಕೆ ಅಣ್ಣ ಜಗಳ ಆಡುತ್ತಿದ್ದ. ಆದರೆ ತಿಂಗಳ ಹೆಸರು ಬಿದ್ದದ್ದು ಆ ತಿಂಗಳು ಬಂದೇ ಬರುತ್ತಿತ್ತು, ಹಾಗಾಗಿ ಕಾಯುವುದು ನಮಗೆ ಅಷ್ಟು ಕಷ್ಟವಾಗಲಿಲ್ಲ. ‘ದುಡ್ಡಿಲ್ಲ’ ಎಂದು ಬಾಯಿ ಮುಚ್ಚಿಸುವ ಬದಲು ‘ಈ ತಿಂಗಳು ಆಗಲ್ಲ, ಮುಂದಿನ ತಿಂಗಳು ನೋಡೋಣ’ ಎನ್ನಿ, ಆಮೇಲೆ ನಿಜವಾಗಿಯೂ ನೋಡಿ. ಸಾಲ ಎಷ್ಟಿದೆ, ಅಪ್ಪ ಎಷ್ಟು ಬಾಕಿ ಇಟ್ಟಿದ್ದಾರೆ ಎಂಬುದನ್ನೆಲ್ಲ ಅವಳ ತಲೆಗೆ ತುಂಬಬೇಡಿ.
– ಓದುಗಿ

ಯಾರೂ ಎತ್ತದ ವಿಷಯ: ನಿಮ್ಮ ಜೀವವಿಮೆ. ದುಡಿಯುವವರು ಒಬ್ಬರೇ ಇರುವ ಮನೆಗೆ ಹಣ ವಾಪಸು ಕೊಡುವ ಆಕರ್ಷಕ ಪಾಲಿಸಿಗಿಂತ ಬರೀ ಟರ್ಮ್ ಪಾಲಿಸಿ, ಅಂದರೆ ಅವಧಿಯೊಳಗೆ ವಿಮೆ ಮಾಡಿಸಿದವರು ತೀರಿಕೊಂಡರೆ ಮಾತ್ರ ಮನೆಯವರಿಗೆ ಹಣ ಕೊಡುವ ಪಾಲಿಸಿ, ಮೇಲು. ಅದೇ ಮೊತ್ತದ ರಕ್ಷಣೆಗೆ ಕಂತು ತುಂಬಾ ಕಡಿಮೆ. ಮಕ್ಕಳು ಅಪ್ರಾಪ್ತರಾದ್ದರಿಂದ ಆ ಹಣವನ್ನು ಅವರ ಪರವಾಗಿ ಯಾರು ನೋಡಿಕೊಳ್ಳಬೇಕು ಎಂಬುದನ್ನೂ ಬರವಣಿಗೆಯಲ್ಲಿಡಿ. ಕಾಗದಪತ್ರ ಯಾವ ಕಪಾಟಿನಲ್ಲಿದೆ ಎಂದು ನಂಬಿಕಸ್ಥರೊಬ್ಬರಿಗೆ ಈ ವಾರವೇ ಹೇಳಿಬಿಡಿ.
– ಹಿರಿಯ ಓದುಗರು